ಪಟ್ಟಿಯಲ್ಲಿ ಏಳೆಂಟು ದಾರಿ, ಕೊನೆಗೆ ಒಂದೇ ಆಪರೇಷನ್

ನಮ್ಮ ಉತ್ತರ ಕನ್ನಡದ ಕಡೆ ‘ಆಪರೇಷನ್’ ಎಂದರೆ ಯಾವ ಆಪರೇಷನ್ ಎಂದು ಯಾರೂ ಕೇಳುವುದಿಲ್ಲ. ಅಪೆಂಡಿಕ್ಸ್ ಆದರೆ ಅಪೆಂಡಿಕ್ಸ್ ಎನ್ನುತ್ತಾರೆ. ಕಣ್ಣಿನದಾದರೆ ಪೊರೆ ತೆಗೆಸಿದ್ದು ಎನ್ನುತ್ತಾರೆ. ಆದರೆ ಕುಮಟಾ ಬಸ್ಸಿನಲ್ಲಿ ಒಬ್ಬ ಹೆಂಗಸು ಪಕ್ಕದವಳಿಗೆ ‘ಆಪರೇಷನ್ ಆಯ್ತನೇ?’ ಎಂದು ಕೇಳಿದರೆ ಅದು ಮಕ್ಕಳಾಗದ ಆಪರೇಷನ್ನೇ. ಕೇಳಿಸಿಕೊಂಡವಳಿಗೆ ಹೆಚ್ಚಾಗಿ ಎರಡು ಮಕ್ಕಳಿರುತ್ತವೆ. ಎರಡನೆಯದು ಇನ್ನೂ ಸೊಂಟದ ಮೇಲೇ ಇರುತ್ತದೆ. ಗಂಡಸರು ಒಬ್ಬರನ್ನೊಬ್ಬರು ಹೀಗೆ ಕೇಳಿದ್ದು ನನ್ನ ಕಿವಿಗೆ ಈವರೆಗೆ ಬಿದ್ದಿಲ್ಲ.

ಮಾತು ಸುಮ್ನೆ ಹೀಗೆ ರೂಢಿಗೆ ಬರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 68.7ರಷ್ಟು ಮಂದಿಯ ಸಂಸಾರದಲ್ಲಿ ಗರ್ಭ ತಡೆಯುವ ಯಾವುದೋ ಒಂದು ವಿಧಾನ ಬಳಕೆಯಲ್ಲಿತ್ತು. ಆ 68.7ರಲ್ಲಿ 57.4 ಹೆಂಗಸರ ಆಪರೇಷನ್. ಅಂದರೆ ಆರು ಜನರಲ್ಲಿ ಐವರು. ಉಳಿದ ಒಬ್ಬರೊಳಗೇ ಕಾಂಡೋಮ್, ಮಾತ್ರೆ, ಕಾಪರ್ ಟಿ, ಇಂಜೆಕ್ಷನ್ ಎಲ್ಲ ಹಂಚಿಕೊಳ್ಳಬೇಕು. ಇಡೀ ದೇಶದ ಲೆಕ್ಕದಲ್ಲಿ ಹೆಂಗಸರ ಆಪರೇಷನ್ ಪ್ರಮಾಣ 37.9. ಗಂಡಸರದ್ದು ದೇಶದಲ್ಲಿ 0.3, ಕರ್ನಾಟಕದಲ್ಲಿ 0.0. ಒಬ್ಬ ಗಂಡಸೂ ಮಾಡಿಸಿಕೊಂಡಿಲ್ಲ ಎಂದು ಇದರ ಅರ್ಥವಲ್ಲ. ಚುಕ್ಕಿಯ ಆಚೆ ಒಂದು ಅಂಕಿ ಬರೆಯುವಷ್ಟು ಜನ ಇಲ್ಲ, ಅಷ್ಟೇ.

ಇದಕ್ಕೆ ಭಾಷಣಗಳಲ್ಲಿ ಕೇಳುವ ಉತ್ತರ ‘ಜನರಿಗೆ ತಿಳಿವಳಿಕೆ ಇಲ್ಲ’ ಎಂಬುದು. ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ತಿಳಿವಳಿಕೆ ಸಾಕಷ್ಟಿದೆ. ಕಾಪರ್ ಟಿ ಕಂಡರಿಯದ ಹೆಂಗಸು ಕರಾವಳಿಯಲ್ಲೂ ಘಟ್ಟದ ಮೇಲೂ ಅಪರೂಪ. ಕುಟುಂಬ ಯೋಜನೆಯ ಸೇವೆಗಳು ನಮ್ಮ ಮಳೆ, ನಮ್ಮ ರಸ್ತೆ, ನಮ್ಮ ಕೆಲಸದ ತಿಂಗಳು, ನಮ್ಮ ಮನೆಯ ಮಡಿ-ಮೈಲಿಗೆ ಯಾವುದನ್ನೂ ಕೇಳದೆ ತಯಾರಾಗಿವೆ. ಹಾಗಾಗಿ ಒಂದೊಂದೇ ದಾರಿ ಮುಚ್ಚುತ್ತ ಬಂದು ಕೊನೆಗೆ ಉಳಿಯುವುದು ಒಮ್ಮೆ ಹೋಗಿ ಮುಗಿಸಿ ಬರುವ ದಾರಿ ಮಾತ್ರ.

ನನ್ನ ತಂಗಿಯೇ ಇದನ್ನು ಒಂದೇ ಮಾತಿನಲ್ಲಿ ಹೇಳಿದಳು. ಎರಡನೇ ಬಾಣಂತನ ಮುಗಿದಿತ್ತು. ಇಂಜೆಕ್ಷನ್ ತಗೊಂಡು ನೋಡೇ, ನಿಂಗಿನ್ನೂ ಇಪ್ಪತ್ತೈದು ಅಂದೆ. ‘ಆಪರೇಷನ್ ಆದ್ರೆ ಒಂದೇ ಸಲಕ್ಕೆ ಮುಗೀತದಲ್ಲೇ ಅಕ್ಕಾ. ಮೂರು ತಿಂಗ್ಳಿಗೊಮ್ಮೆ ಈ ಮಳೆಯಲ್ಲಿ ಯಾರು ಓಡಾಡ್ತಾರೆ?’ ಅಂದಳು.

ಗೋಡೆಯ ಮೇಲಿನ ಪಟ್ಟಿ

ಉಪಕೇಂದ್ರಗಳಿಗೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರಿದೆ. ಜನ ಇನ್ನೂ ‘ಸಿಸ್ಟರ್ ಮನೆ’ ಎಂದೇ ಕರೆಯುತ್ತಾರೆ. ಬಯಲು ಸೀಮೆಯಲ್ಲಿ 5,000 ಜನರಿಗೊಂದು, ಗುಡ್ಡಗಾಡಿನಲ್ಲಿ 3,000 ಜನರಿಗೊಂದು ಉಪಕೇಂದ್ರ ಇರಬೇಕೆಂಬುದು ನಿಯಮ. ಅದರ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರ, ಆಮೇಲೆ ಸಮುದಾಯ ಆರೋಗ್ಯ ಕೇಂದ್ರ, ತಾಲೂಕು ಆಸ್ಪತ್ರೆ, ಕೊನೆಗೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ. ಆಪರೇಷನ್ ಬಿಟ್ಟರೆ ಉಳಿದದ್ದೆಲ್ಲ ಕೆಳಗಿನ ಎರಡು ಮೆಟ್ಟಿಲಿನಲ್ಲೇ, ದುಡ್ಡಿಲ್ಲದೆ ಸಿಗಬೇಕು.

ಅಲ್ಲಿ ಸಿಗುವುದರಲ್ಲಿ ಎಲ್ಲಕ್ಕಿಂತ ಹಳೆಯದು 1968ರಿಂದ ಇರುವ ನಿರೋಧ್. ಲೈಂಗಿಕ ಸೋಂಕನ್ನೂ ತಡೆಯುವುದು ಈ ಪಟ್ಟಿಯಲ್ಲಿ ಕಾಂಡೋಮ್ ಒಂದೇ. ಮಾಲಾ-ಎನ್ ದಿನಕ್ಕೊಂದು ನುಂಗುವ ಮಾತ್ರೆ. 28 ಮಾತ್ರೆಯ ಪ್ಯಾಕಿನಲ್ಲಿ 21 ಹಾರ್ಮೋನು, 7 ಕಬ್ಬಿಣಾಂಶ. ಎದೆಹಾಲು ಕುಡಿಸುವವರು ಹೆರಿಗೆಯಾಗಿ ಆರು ತಿಂಗಳವರೆಗೆ ಇದನ್ನು ತೆಗೆದುಕೊಳ್ಳಬಾರದು. ಬಿಪಿ ಜಾಸ್ತಿ ಇದ್ದವರಿಗೂ ಇದು ಆಗದು. ಛಾಯಾ ಬೇರೆ ಬಗೆಯದು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದ, ಸ್ಟಿರಾಯ್ಡ್ ಹಾರ್ಮೋನು ಇಲ್ಲದ ನಮ್ಮದೇ ದೇಶದ ಮಾತ್ರೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೆ ಒಂದೇ. ಮಗುವಿಗೆ ಹಾಲು ಕುಡಿಸುತ್ತಿದ್ದರೂ ತೊಂದರೆಯಿಲ್ಲ. ವಾರಕ್ಕೊಂದು ಮಾತ್ರೆ ಎಂದರೆ ಸಂತೆಯ ದಿನಕ್ಕೆ ಗಂಟು ಹಾಕಿಕೊಳ್ಳಬಹುದು. ಶಿರಸಿಯಲ್ಲಿ ಮಂಗಳವಾರ ಸಂತೆ, ಮಂಗಳವಾರ ಮಾತ್ರೆ. ಇಷ್ಟು ಸುಲಭದ್ದು ಯಾಕೆ ಮನೆಮಾತಾಗಲಿಲ್ಲವೋ ನನಗೆ ಇನ್ನೂ ಅರ್ಥವಾಗಿಲ್ಲ.

ಕಾಪರ್ ಟಿಗೆ ಇಲಾಖೆಯ ಕಾಗದಗಳಲ್ಲಿ ‘ವಂಕಿ’ ಎಂಬ ಚೆಂದದ ಹೆಸರಿದೆ. ಒಂದು ಬಗೆಯದು 10 ವರ್ಷ, ಇನ್ನೊಂದು 5 ವರ್ಷ ಕೆಲಸ ಮಾಡುತ್ತದೆ. ಗರ್ಭಕೋಶದೊಳಗೆ ಕೂತ ತಾಮ್ರ ವೀರ್ಯಾಣುವನ್ನು ನಿಷ್ಕ್ರಿಯ ಮಾಡುತ್ತದೆ. ಹಾರ್ಮೋನಿನ ಗೊಡವೆಯಿಲ್ಲ. ಬೇಡವೆಂದ ದಿನ ತೆಗೆಸಿದರೆ ಮುಂದಿನ ತಿಂಗಳೇ ಬಸಿರಾಗಬಹುದು. ಹೆರಿಗೆಯಾದ 48 ಗಂಟೆಯೊಳಗೆ ಅಲ್ಲೇ ಹಾಕಿಸಿಕೊಳ್ಳಬಹುದು, ಇಲ್ಲವಾದರೆ ಆರು ವಾರ ಕಳೆದ ಮೇಲೆ. ನೂರು ಹೆಂಗಸರು ಹಾಕಿಸಿಕೊಂಡರೆ ಮೊದಲ ವರ್ಷ ಬಸಿರಾಗುವವರು ಒಬ್ಬರಿಗಿಂತ ಕಡಿಮೆ. ಅಂದರೆ ಆಪರೇಷನ್ನಿಗೆ ಹೆಚ್ಚು ಕಡಿಮೆ ಸರಿಸಾಟಿ. ‘ವಂಕಿ ಎದೆಗೆ ಹತ್ತುತ್ತದೆ’ ಎಂಬ ಮಾತಿಗೆ ಇಷ್ಟೇ ಉತ್ತರ: ಗರ್ಭಕೋಶದಿಂದ ಎದೆಗೆ ದಾರಿಯೇ ಇಲ್ಲ. ಆದರೆ ಮೊದಲ ಮೂರ್ನಾಲ್ಕು ತಿಂಗಳು ಮುಟ್ಟು ಜಾಸ್ತಿ ಹೋಗುವುದು, ಹೊಟ್ಟೆ ಹಿಡಿದುಕೊಳ್ಳುವುದು ನಿಜ. ಇದನ್ನು ಮೊದಲೇ ಹೇಳದೆ ಹಾಕಿ ಕಳಿಸಿದರೆ ಮೂರನೇ ವಾರಕ್ಕೆ ತೆಗೆಸಲು ಬರುತ್ತಾರೆ, ಬಂದವರು ಇಡೀ ಕೇರಿಗೆ ಸುದ್ದಿ ಹಬ್ಬಿಸುತ್ತಾರೆ. ತಪ್ಪು ಅವರದ್ದಲ್ಲ.

2017ರಿಂದ ಸೇರಿದ್ದು ಅಂತರಾ ಇಂಜೆಕ್ಷನ್. ಮೂರು ತಿಂಗಳಿಗೊಂದು. ಮೊದಲನೆಯದು ಡಾಕ್ಟರ್ ನೋಡಿದ ಮೇಲೆ, ಮುಂದಿನವನ್ನು ತರಬೇತಾದ ಸಿಸ್ಟರ್ ಕೊಡಬಹುದು. ಹಾಲು ಕುಡಿಸುವವರು ಹೆರಿಗೆಯಾಗಿ ಆರು ವಾರದ ನಂತರ ಶುರು ಮಾಡಬಹುದು. ಬಿಟ್ಟ ಮೇಲೆ ಮತ್ತೆ ಬಸಿರಾಗಲು ಏಳರಿಂದ ಹತ್ತು ತಿಂಗಳು ಹಿಡಿಯಬಹುದು. ಹಾಗಾಗಿ ಮುಂದಿನ ವರ್ಷವೇ ಮಗು ಬೇಕು ಎನ್ನುವವರಿಗೆ ಇದು ಸರಿಹೊಂದದು. ತೋಳಿನ ಚರ್ಮದಡಿ ಇಡುವ ಇಂಪ್ಲಾಂಟ್ ಕೂಡ ಸರ್ಕಾರದ ಪಟ್ಟಿಗೆ ಈಚೆಗೆ ಸೇರಿದೆ. ಆಯ್ದ ಕೆಲವು ಜಿಲ್ಲೆಗಳಿಂದ ಅದನ್ನು ಶುರು ಮಾಡಿದ್ದಾರೆ.

ಜುಲೈ ತಿಂಗಳ ಇಂಜೆಕ್ಷನ್

ಈಗ ಈ ಪಟ್ಟಿಯನ್ನು ನಮ್ಮ ನೆಲದ ಮೇಲೆ ಇಟ್ಟು ನೋಡೋಣ.

ಅಂತರಾ ವರ್ಷಕ್ಕೆ ನಾಲ್ಕು ಸಲ. ಯಾವ ತಿಂಗಳಲ್ಲಿ ಶುರು ಮಾಡಿದರೂ ನಾಲ್ಕರಲ್ಲಿ ಒಂದು ಜೂನ್, ಜುಲೈ ಅಥವಾ ಆಗಸ್ಟಿನಲ್ಲಿ ಬೀಳಲೇಬೇಕು. ಲೆಕ್ಕ ಹಾಕಿ ನೋಡಿ, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಆ ಮೂರು ತಿಂಗಳು ಉತ್ತರ ಕನ್ನಡದಲ್ಲಿ ಹೇಗಿರುತ್ತವೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿಯೇ ಎಷ್ಟೋ ದಿನ ಬಂದಾಗಿತ್ತು. ಹೆದ್ದಾರಿಯ ಕತೆಯೇ ಹೀಗಾದರೆ ಜೊಯಿಡಾದ ಕುಣಬಿ ಊರುಗಳ, ಯಲ್ಲಾಪುರದ ಕಾಡೊಳಗಿನ ಸಿದ್ದಿ ಕೇರಿಗಳ, ಅಘನಾಶಿನಿ ಕಣಿವೆಯ ಒಂಟಿ ಮನೆಗಳ ಕತೆ ಹೇಗಿದ್ದೀತು? ಹಳ್ಳ ದಾಟಬೇಕು, ಸಂಕದ (ಕಾಲುಸೇತುವೆಯ) ಮೇಲೆ ನೀರು ಹರಿಯುತ್ತಿರುತ್ತದೆ, ಬಸ್ಸು ಬರುವುದಿಲ್ಲ. ಗದ್ದೆಯಲ್ಲಿ ನಾಟಿ ಬೇರೆ.

ಇದಕ್ಕೆ ಪರಿಹಾರ ನಿಯಮದೊಳಗೇ ಇದೆ. ಅಂತರಾವನ್ನು ಗೊತ್ತಾದ ದಿನಕ್ಕಿಂತ ಎರಡು ವಾರ ಮುಂಚೆಯೂ ಕೊಡಬಹುದು, ನಾಲ್ಕು ವಾರ ತಡವಾದರೂ ಕೊಡಬಹುದು. ಒಟ್ಟು ಆರು ವಾರದ ಸಡಿಲ. ಮಳೆ ಹಿಡಿಯುವ ಮೊದಲು ಯಾರ್‍ಯಾರ ದಿನಾಂಕ ಎಲ್ಲಿ ಬೀಳುತ್ತದೆ ಎಂದು ನೋಡಿಕೊಂಡರೆ ಎಷ್ಟೋ ಜನರದ್ದನ್ನು ಹಿಂದೆ ಮುಂದೆ ಮಾಡಿ ತೂಗಿಸಬಹುದು. ಛಾಯಾ, ಮಾಲಾ-ಎನ್ ಆದರೆ ಮಳೆಗಾಲಕ್ಕೆ ಅಕ್ಕಿ, ಒಣಮೀನು ಕೂಡಿಡುವ ಹಾಗೆ ಮೂರು ತಿಂಗಳದ್ದು ಒಟ್ಟಿಗೆ ಕೊಡಬಹುದು. ಆದರೆ ಈ ಸಡಿಲದ ವಿಷಯ ಇಂಜೆಕ್ಷನ್ ತೆಗೆದುಕೊಳ್ಳುವವಳಿಗೆ ಯಾರೂ ಹೇಳಿರುವುದಿಲ್ಲ. ನನಗೆ ಗೊತ್ತಿರುವ ಒಬ್ಬಾಕೆ ಕಾರ್ಡಿನ ದಿನಾಂಕ ಐದು ದಿನ ದಾಟಿತೆಂದು ಇನ್ನು ಹೋಗಿ ಪ್ರಯೋಜನವಿಲ್ಲ ಅಂದುಕೊಂಡಳು. ಮಾರನೇ ವರ್ಷ ಮಗು ಹುಟ್ಟಿತು. ಆಮೇಲೆ ಆಕೆ ಇಂಜೆಕ್ಷನ್ ಮಾತೆತ್ತಲಿಲ್ಲ, ನೇರ ಆಪರೇಷನ್ ಮಾಡಿಸಿಕೊಂಡಳು.

ಹೊರಗಾಗುವ ಮನೆಯಲ್ಲಿ

ಇನ್ನೊಂದು ವಿಷಯವಿದೆ. ಆರೋಗ್ಯ ಇಲಾಖೆಯ ಯಾವ ಕರಪತ್ರದಲ್ಲೂ ಇದನ್ನು ನಾನು ಓದಿಲ್ಲ. ಮನೆಯೊಳಗೆ ಮಾತ್ರ ಇದೇ ದೊಡ್ಡ ವಿಷಯ.

ಅಂತರಾ ತೆಗೆದುಕೊಂಡ ಮೊದಲ ತಿಂಗಳುಗಳಲ್ಲಿ ಮುಟ್ಟಿಗೆ ಲೆಕ್ಕವಿರುವುದಿಲ್ಲ. ಎರಡು ದಿನ ಸ್ವಲ್ಪ ಕಲೆ, ನಾಲ್ಕು ದಿನ ಇಲ್ಲ, ಮತ್ತೆ ಶುರು. ಆರೋಗ್ಯದ ದೃಷ್ಟಿಯಿಂದ ಹೆಚ್ಚಿನವರಿಗೆ ಇದು ಅಪಾಯವಲ್ಲ. ಆದರೆ ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ ಇನ್ನೂ ಎಷ್ಟೋ ಮನೆಗಳಲ್ಲಿ ಮುಟ್ಟಾದವರು ಮೂರು ದಿನ ಒಳಗೆ ಬರುವಂತಿಲ್ಲ. ಅಡುಗೆ ಮಾಡುವಂತಿಲ್ಲ, ದೇವರ ಕೋಣೆಯ ಕಡೆ ಸುಳಿಯುವಂತಿಲ್ಲ. ತಿಂಗಳಿಗೆ ಮೂರು ದಿನವಾದರೆ ಮನೆಯವರು ಹೇಗೋ ಸುಧಾರಿಸುತ್ತಾರೆ. ತಿಂಗಳಲ್ಲಿ ಹನ್ನೆರಡು ದಿನ ಸೊಸೆ ಹೊರಗೆ ಕೂತರೆ ಅತ್ತೆ ಏನನ್ನಬೇಕು? ‘ಎಂತ ಆತೇ ನಿಂಗೆ, ಪ್ರತಿ ವಾರ ಹೊರಗಾಗ್ತೆ?’ ಎನ್ನುವ ಪ್ರಶ್ನೆ ಬರುತ್ತದೆ. ಇಂಜೆಕ್ಷನ್ ತೆಗೆದುಕೊಂಡದ್ದನ್ನು ಅತ್ತೆಗೆ ಹೇಳದವಳು ಏನು ಉತ್ತರ ಕೊಡಬೇಕು?

ಮುಂದೆ ಕೆಲವರಿಗೆ ಮುಟ್ಟೇ ನಿಲ್ಲುತ್ತದೆ. ಅದಕ್ಕೂ ಹೆದರಿಕೆ: ಕೆಟ್ಟ ರಕ್ತ ಒಳಗೇ ಕಟ್ಟಿಕೊಂಡಿತು ಎಂದು. ಹಾಗೇನೂ ಆಗುವುದಿಲ್ಲ. ಗರ್ಭಕೋಶದ ಒಳಪದರ ದಪ್ಪವಾಗುವುದೇ ಇಲ್ಲ, ಹಾಗಾಗಿ ಉದುರಿ ಹೋಗಲು ಏನೂ ಇರುವುದಿಲ್ಲ. ಕಬ್ಬಿಣಾಂಶ ಕಡಿಮೆ ಇರುವ ಹೆಂಗಸಿಗೆ ಇದು ಒಳ್ಳೆಯದೇ. ಕರ್ನಾಟಕದಲ್ಲಿ ಹತ್ತಿರ ಅರ್ಧದಷ್ಟು ಹೆಂಗಸರಿಗೆ ರಕ್ತ ಕಡಿಮೆ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಮುಟ್ಟು ಜಾಸ್ತಿ ಮಾಡುವ ಕಾಪರ್ ಟಿ ಅಂಥವರಲ್ಲಿ ಕೆಲವರಿಗೆ ಹೊಂದದಿರಬಹುದು, ಅವರಿಗೆ ಅಂತರಾ ಹೊಂದಬಹುದು. ಹೊರಗಾಗುವ ಪದ್ಧತಿ ಇರುವ ಮನೆಯವಳಿಗೆ ಛಾಯಾ ಸರಿಹೋದೀತು. ಅದರಲ್ಲಿ ಆರಂಭದಲ್ಲಿ ಮುಟ್ಟು ಮುಂದೆ ಹೋಗಬಹುದೇ ಹೊರತು ಹೀಗೆ ಹನಿ ಹನಿ ಕಾಡುವುದು ಕಡಿಮೆ. ಯಾರಿಗೆ ಯಾವುದು ಎಂದು ತೂಗಿ ಹೇಳುವ ಈ ಮಾತುಕತೆಗೆ ಅರ್ಧ ಗಂಟೆ ಬೇಕು, ಬಾಗಿಲಿರುವ ಒಂದು ಕೋಣೆಯೂ ಬೇಕು. ಲಸಿಕೆಯ ದಿನ ನಲವತ್ತು ಮಕ್ಕಳು ಅಳುತ್ತಿರುವಾಗ ಸಿಸ್ಟರ್ ಎಲ್ಲಿಂದ ತರಬೇಕು ಅರ್ಧ ಗಂಟೆಯನ್ನು?

ಪದ್ಧತಿ ಸರಿಯೇ ತಪ್ಪೇ ಎಂಬ ಜಗಳ ಬೇರೆ. ನನಗೂ ಅದರ ಬಗ್ಗೆ ಅಭಿಪ್ರಾಯವಿದೆ. ಅದು ಬದಲಾಗುವವರೆಗೆ ಹೆಂಗಸರು ಕಾಯುವುದಿಲ್ಲ, ಆಪರೇಷನ್ ಮಾಡಿಸಿಕೊಂಡು ಬಿಡುತ್ತಾರೆ.

ಪಾಕ್ಷಿಕವೂ ಕೊನೆ ಕೊಯ್ಲೂ

ಗಂಡಸರ ಕಡೆಗೆ ಬರೋಣ. ಗಾಯ ಹೊಲಿಯದೆ ಮಾಡುವ ಗಂಡಸರ ಆಪರೇಷನ್ನಿಗೆ ಇಲಾಖೆಯವರು ಎನ್‌ಎಸ್‌ವಿ ಎನ್ನುತ್ತಾರೆ. ಜಾಗ ಮರಗಟ್ಟಿಸಿ, ಚಿಕ್ಕ ತೂತು ಮಾಡಿ, ವೀರ್ಯ ಒಯ್ಯುವ ನಾಳ ಕತ್ತರಿಸಿ ಕಟ್ಟುತ್ತಾರೆ. ಹತ್ತು ಹದಿನೈದು ನಿಮಿಷ. ಅವತ್ತೇ ಮನೆಗೆ. ಎರಡು ದಿನ ವಿಶ್ರಾಂತಿ, ಒಂದು ವಾರ ಭಾರದ ಕೆಲಸ ಬೇಡ. ಒಂದೇ ಎಚ್ಚರಿಕೆ: ಮೊದಲ ಮೂರು ತಿಂಗಳು ಕಾಂಡೋಮ್ ಬಳಸಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಳ್ಳಬೇಕು. ಹೆಂಗಸರ ಆಪರೇಷನ್ನಿನಲ್ಲಿ ಹೊಟ್ಟೆಯೊಳಗೇ ಹೋಗಬೇಕು. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಯಾವುದು ಹಗುರ ಎಂದು ಡಾಕ್ಟರೇ ಹೇಳಬೇಕಿಲ್ಲ.

ಆದರೂ ಯಾರೂ ಬರುವುದಿಲ್ಲ. ‘ಶಕ್ತಿ ಹೋಗ್ತದೆ’, ‘ಮರ ಹತ್ತೋಕಾಗಲ್ಲ’, ‘ಬಲೆ ಎಳೆಯೋಕಾಗಲ್ಲ’. ನಾಳಕ್ಕೂ ತೋಳಿನ ಬಲಕ್ಕೂ ಸಂಬಂಧವಿಲ್ಲ, ಗಂಡಸುತನದ ಹಾರ್ಮೋನು ಮೊದಲಿನಂತೆಯೇ ರಕ್ತಕ್ಕೆ ಸೇರುತ್ತದೆ. ಮೀನಿನ ಬುಟ್ಟಿ ತಲೆಯ ಮೇಲೆ ಹೊತ್ತು ಮನೆ ಮನೆ ತಿರುಗುವ ಹೆಂಗಸಿನ ಶಕ್ತಿಯ ಬಗ್ಗೆ ಮಾತ್ರ ಯಾರಿಗೂ ಚಿಂತೆಯಿಲ್ಲ, ಅಲ್ವಾ?

ಹೆದರಿಕೆಗೆ ಹಳೆಯ ಬೇರೂ ಇದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 82 ಲಕ್ಷ ಆಪರೇಷನ್ ನಡೆದವು. ಅದರಲ್ಲಿ 62 ಲಕ್ಷದಷ್ಟು ಗಂಡಸರದ್ದು. ಗುರಿ ಮುಟ್ಟಿಸಲು ಜನರನ್ನು ಹಿಡಿದು ತಂದ ಕತೆಗಳು ಎಲ್ಲ ಕಡೆ ಹಬ್ಬಿದವು. 1977ರ ಚುನಾವಣೆಯಲ್ಲಿ ಸರ್ಕಾರವೇ ಬಿತ್ತು. ಅಲ್ಲಿಂದ ಮುಂದೆ ಸರ್ಕಾರಗಳು ಗಂಡಸರ ತಂಟೆಗೆ ಹೋಗಲು ಹಿಂಜರಿದವು. ಹೊರೆ ಪೂರ್ತಿಯಾಗಿ ಹೆಂಗಸರ ಕಡೆ ಜಾರಿತು. ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಎಂಬ ಗೋಡೆಬರಹ ಓದುತ್ತ ಬೆಳೆದ ನಮ್ಮ ತಲೆಮಾರಿಗೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಎಂದರೆ ಅಮ್ಮಂದಿರ ವಿಷಯ ಎಂದೇ ಆಯಿತು.

ಈಗ ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಗಂಡಸರ ಆಪರೇಷನ್ ಪಾಕ್ಷಿಕ ಆಚರಿಸುತ್ತಾರೆ. ಇಡೀ ದೇಶಕ್ಕೆ ಒಂದೇ ದಿನಾಂಕ. ಆ ಎರಡು ವಾರ ನಮ್ಮ ಜಿಲ್ಲೆಯ ಗಂಡಸರು ಎಲ್ಲಿರುತ್ತಾರೆ? ಘಟ್ಟದ ಮೇಲೆ ಅಡಿಕೆಯ ಕೊನೆ (ಗೊನೆ) ಕೊಯ್ಲು ಶುರುವಾಗುವ ಹೊತ್ತು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರಿಗೆ ಊಟಕ್ಕೂ ಪುರುಸೊತ್ತಿಲ್ಲ. ಬಯಲಲ್ಲಿ ಭತ್ತದ ಕೊಯ್ಲು. ಕಡಲಲ್ಲಿ ಬೋಟು. ಆಪರೇಷನ್ ಮಾಡಿಸಿಕೊಂಡ ಗಂಡಸಿಗೆ ಕೇಂದ್ರದ ಯೋಜನೆಯಲ್ಲಿ ಸಿಗುವ ಪರಿಹಾರ 1,100 ರೂಪಾಯಿ. ಹೆಂಗಸಿಗೆ ಬಿಪಿಎಲ್ ಆದರೆ 600. ಕೊಯ್ಲಿನ ಹೊತ್ತಿನಲ್ಲಿ ಒಂದು ವಾರ ಮರ ಹತ್ತದೆ ಕೂತರೆ ಆ 1,100 ಯಾವ ಮೂಲೆಗೂ ಸಾಲದು.

ಅದೇ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 61 ದಿನ ಬೋಟುಗಳೆಲ್ಲ ದಕ್ಕೆಯಲ್ಲಿ. ಕಾರವಾರ, ತದಡಿ, ಹೊನ್ನಾವರ, ಭಟ್ಕಳದ ಸಾವಿರಾರು ಗಂಡಸರು ಮನೆಯಲ್ಲಿರುತ್ತಾರೆ. ಬಲೆ ರಿಪೇರಿ ಮಾಡುತ್ತ ಕೂತಿರುತ್ತಾರೆ. ಗೋವಾ, ಮಲ್ಪೆ ಕಡೆ ಬೋಟಿಗೆ ಹೋದವರೂ ಊರಿಗೆ ಬಂದಿರುತ್ತಾರೆ. ಒಂದು ವಾರ ಭಾರ ಎತ್ತಬೇಡ ಎಂದರೆ ‘ಅಡ್ಡಿಲ್ಲ’ ಎನ್ನುವ ಕಾಲ ವರ್ಷದಲ್ಲಿ ಅದೊಂದೇ. ದಿಲ್ಲಿಯ ಕ್ಯಾಲೆಂಡರಿನಲ್ಲಿ ಅದು ಇಲ್ಲ.

ಶಿಬಿರ ಹೋಯಿತು, ದೂರ ಬಂತು

ಮೊದಲೆಲ್ಲ ಊರಿನ ಶಾಲೆಯಲ್ಲೋ ಆರೋಗ್ಯ ಕೇಂದ್ರದಲ್ಲೋ ಶಿಬಿರ ಮಾಡಿ ಸಾಲು ಸಾಲು ಆಪರೇಷನ್ ಮಾಡುತ್ತಿದ್ದರು. 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸಪುರದ ಬಳಿ ಒಂದೇ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಒಂದು ತಂಡ ದಿನಕ್ಕೆ 30ಕ್ಕಿಂತ ಹೆಚ್ಚು ಮಾಡಬಾರದು ಎಂಬ ನಿಯಮ ಆಗಲೂ ಇತ್ತು. 2016ರಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದೊಳಗೆ ಶಿಬಿರ ಪದ್ಧತಿಯನ್ನೇ ನಿಲ್ಲಿಸಿ ಎಂದಿತು. ಸರಿಯಾದ ತೀರ್ಪು, ಎರಡು ಮಾತಿಲ್ಲ.

ಆದರೆ ಶಿಬಿರದ ಬದಲಿಗೆ ಬರಬೇಕಾದ್ದು ನಿಗದಿತ ದಿನದ ಸೇವೆ. ಇಂಥ ಆಸ್ಪತ್ರೆಯಲ್ಲಿ ಇಂಥ ವಾರ, ಎಲ್ಲ ಸೌಕರ್ಯದೊಂದಿಗೆ. ಹನ್ನೆರಡು ತಾಲೂಕಿನ, ಕಡಲು ಘಟ್ಟ ಎರಡೂ ಇರುವ ಜಿಲ್ಲೆಯಲ್ಲಿ ಇದು ಸುಲಭವಲ್ಲ. ಸರ್ಜನ್ ಇದ್ದರೆ ಅರಿವಳಿಕೆ ಡಾಕ್ಟರ್ ಇಲ್ಲ, ಇಬ್ಬರೂ ಇದ್ದ ದಿನ ತುರ್ತು ಸಿಸೇರಿಯನ್ ಬರುತ್ತದೆ. ದೊಡ್ಡ ಆಸ್ಪತ್ರೆ ಬೇಕೆಂದು ಈ ಜಿಲ್ಲೆ ವರ್ಷಗಳಿಂದ ಕೂಗುತ್ತಿರುವುದು ಅಪಘಾತ, ಹೃದಯಾಘಾತದ ಹೆಸರಿನಲ್ಲಿ. ತಜ್ಞರ ಕೊರತೆಯ ಬಿಸಿ ಈ ಆಪರೇಷನ್ನಿಗೂ ತಟ್ಟುತ್ತದೆ, ಸದ್ದಿಲ್ಲದೆ. ತಂಗಿಯ ಜೊತೆ ಹೋದಾಗ ನಾನೇ ಕಂಡೆ. ಖಾಲಿ ಹೊಟ್ಟೆಯಲ್ಲಿ ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟದ್ದು, ಮಧ್ಯಾಹ್ನ ಎರಡಕ್ಕೆ ‘ಇವತ್ತು ಆಗುವುದಿಲ್ಲ, ಮುಂದಿನ ವಾರ ಬನ್ನಿ’ ಎಂದರು. ಹಾಲಿಗಾಗಿ ಅಳುವ ಕೂಸು ನನ್ನ ತೊಡೆಯ ಮೇಲೆ. ಪುಣ್ಯಕ್ಕೆ ವಾಪಸ್ ಬರುವ ದಾರಿಯಲ್ಲಿ ಅವಳ ಮನಸ್ಸು ಬದಲಾಯಿತು.

ಮತ್ತೆ ಮತ್ತೆ ಅಲೆಯುವ ಈ ಹೆದರಿಕೆಯಿಂದಲೇ ಎಷ್ಟೋ ಜನ ಎರಡನೇ ಸಿಸೇರಿಯನ್ ಟೇಬಲ್ ಮೇಲೆಯೇ ‘ಹೊಟ್ಟೆ ತೆರೆದಾಗಲೇ ಅದನ್ನೂ ಮುಗಿಸಿಬಿಡಿ’ ಎನ್ನುತ್ತಾರೆ. ಯೋಚಿಸಿಯೇ ಹೇಳಿದ್ದಾದರೆ ಸರಿ. ಆದರೆ ಆ ಮಾತು ಆಡುವ ಸ್ಥಳ ಆಪರೇಷನ್ ಟೇಬಲ್ ಅಲ್ಲ. ಐದನೇ ಆರನೇ ತಿಂಗಳ ತಪಾಸಣೆಯಲ್ಲೇ, ತಾಯಿ ಕಾರ್ಡ್ ಕೈಯಲ್ಲಿರುವಾಗಲೇ ಆಡಬೇಕು. ಹೆರಿಗೆಯಾದ ತಕ್ಷಣ ಹಾಕುವ ಕಾಪರ್ ಟಿಗೂ ಹೀಗೆಯೇ. ಮೊದಲೇ ಕೇಳಿ ಒಪ್ಪಿಗೆ ಪಡೆಯಬೇಕು, ಮಂಪರಿನಲ್ಲಿ ಅಲ್ಲ.

ಇನ್ನೊಂದು ಮಾತು. ಆಪರೇಷನ್ನಿಗೆ ಗಂಡನ ಅಥವಾ ಹೆಂಡತಿಯ ಸಹಿ ಬೇಕೆಂದು ನಿಯಮದಲ್ಲಿಲ್ಲ. ಮಾಡಿಸಿಕೊಳ್ಳುವವರ ಒಪ್ಪಿಗೆ ಸಾಕು. ವಯಸ್ಸು 22 ದಾಟಿರಬೇಕು, ಮದುವೆಯಾಗಿರಬೇಕು, ವರ್ಷ ತುಂಬಿದ ಒಂದು ಮಗುವಾದರೂ ಇರಬೇಕು. ಆಪರೇಷನ್ ಆದ ಮೇಲೂ ಬಸಿರಾದರೆ ಸರ್ಕಾರದ ಪರಿಹಾರ ಯೋಜನೆ ಇದೆ. ಇನ್ನೂರರಲ್ಲಿ ಒಬ್ಬರಿಗೆ ಹೀಗಾಗಬಹುದು. ಮುಟ್ಟು ತಪ್ಪಿದರೆ ‘ಆಪರೇಷನ್ ಆಗಿದೆಯಲ್ಲ’ ಎಂದು ಸುಮ್ಮನೆ ಕೂರಬಾರದು.

ವರ್ಷಕ್ಕೊಮ್ಮೆ ಬರುವ ಗಂಡ

ಭಟ್ಕಳ, ಮುರ್ಡೇಶ್ವರದ ಕಡೆ ಗಲ್ಫ್‌ನಲ್ಲಿ ದುಡಿಯುವವರು ಬಹಳ. ಕರಾವಳಿಯ ಉಳಿದ ಕಡೆಯಿಂದ ಬೋಟಿಗೆ, ಗೋವಾಕ್ಕೆ, ಬೆಂಗಳೂರಿಗೆ ಹೋಗುವವರೂ ಅಷ್ಟೇ. ಅಂಥವರ ಹೆಂಡತಿಗೆ ದಿನಕ್ಕೊಂದು ಮಾತ್ರೆ ನುಂಗು ಎಂದರೆ ಆಕೆ ನಗುತ್ತಾಳೆ. ಹನ್ನೊಂದು ತಿಂಗಳು ಯಾಕೆ ನುಂಗಬೇಕು? ಗಂಡ ಹೇಳದೆ ಕೇಳದೆ ರಜೆಯಲ್ಲಿ ಬಂದಿಳಿದಾಗ ತಯಾರಿ ಇರುವುದಿಲ್ಲ.

ಆಗ ನೆನಪಾಗುವುದು ತುರ್ತು ಮಾತ್ರೆ. 72 ಗಂಟೆಯೊಳಗೆ ಒಂದು ಮಾತ್ರೆ, ಎಷ್ಟು ಬೇಗ ತಗೊಂಡರೆ ಅಷ್ಟು ಗುಣ. ಉಪಕೇಂದ್ರದಲ್ಲಿ ಉಚಿತ. ಆಶಾ ಕಾರ್ಯಕರ್ತೆ ಮನೆಗೆ ತಂದುಕೊಟ್ಟರೆ 2 ರೂಪಾಯಿ ಎಂದು ನಿಗದಿ. ಮೂರು ಕಾಂಡೋಮಿಗೆ, ಒಂದು ತಿಂಗಳ ಮಾತ್ರೆಗೆ ತಲಾ 1 ರೂಪಾಯಿ. ಕಾಗದದ ಮೇಲೆ ಒಳ್ಳೆಯ ಏರ್ಪಾಡು. ಆದರೆ ಆಶಾ ಅಕ್ಕ ಯಾರು? ಇದೇ ಕೇರಿಯವಳು, ಓರಗಿತ್ತಿಯ ತಂಗಿ, ಸ್ವಸಹಾಯ ಸಂಘದಲ್ಲಿ ಪಕ್ಕದಲ್ಲಿ ಕೂರುವವಳು. ಎರಡು ರೂಪಾಯಿ ಉಳಿಸಲು ಹೋಗಿ ಗುಟ್ಟು ಬಿಟ್ಟುಕೊಡಬೇಕೆ? ಊರಿನ ಮೆಡಿಕಲ್ ಶಾಪಿನವನೂ ನೆಂಟನೇ. ಹಾಗಾಗಿ ಹೊನ್ನಾವರದವರು ಕುಮಟಾಕ್ಕೆ, ಕುಮಟಾದವರು ಅಂಕೋಲಾಕ್ಕೆ ಹೋಗಿ ಮಾತ್ರೆ ತರುತ್ತಾರೆ. ಅಷ್ಟೊತ್ತಿಗೆ ಎರಡು ದಿನ ಹೋಗಿರುತ್ತದೆ.

ವಿಧಾನ ತಪ್ಪಿ ಗರ್ಭ ನಿಂತರೆ ಕಾನೂನು ಜೊತೆಗಿದೆ. 2021ರಲ್ಲಿ ಗರ್ಭಪಾತ ಕಾಯ್ದೆಗೆ ತಿದ್ದುಪಡಿಯಾದಾಗ ‘ವಿವಾಹಿತ ಮಹಿಳೆ ಅಥವಾ ಆಕೆಯ ಗಂಡ’ ಎಂದಿದ್ದದ್ದು ‘ಯಾವುದೇ ಮಹಿಳೆ ಅಥವಾ ಆಕೆಯ ಸಂಗಾತಿ’ ಎಂದಾಯಿತು. 20 ವಾರದವರೆಗೆ ಒಬ್ಬ ಡಾಕ್ಟರರ ಅಭಿಪ್ರಾಯ ಸಾಕು. 18 ದಾಟಿದವಳಿಗೆ ಬೇರೆ ಯಾರ ಒಪ್ಪಿಗೆಯೂ ಬೇಡ. ಹೆಸರು ಬಯಲು ಮಾಡಿದವರಿಗೆ ಜೈಲಾಗಬಹುದು. ಅಂಗಡಿಯಿಂದ ಮಾತ್ರೆ ತಂದು ಮನೆಯಲ್ಲೇ ನುಂಗಿ, ಘಟ್ಟದ ನಡುವೆ ರಕ್ತಸ್ರಾವ ಶುರುವಾದರೆ ಜೀವಕ್ಕೇ ಸಂಚಕಾರ. ಡಾಕ್ಟರ ಬಳಿ ಹೋಗುವುದು ಇದಕ್ಕೇ.

‘ಮಕ್ಕಳೇ ಇಲ್ಲ, ಇನ್ನೆಂತ ಯೋಜನೆ?’

ಈ ಪ್ರಶ್ನೆಯನ್ನು ಶಿರಸಿಯಲ್ಲಿ ಜಾಸ್ತಿ ಕೇಳುತ್ತಾರೆ. ಅದರಲ್ಲಿ ಅರ್ಥವೂ ಇದೆ. ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ತಲೆಮಾರಿಗೆ ತಲೆಮಾರು ಸರಿತೂಗಲು 2.1 ಬೇಕು. ತೋಟದ ಮನೆಗಳಲ್ಲಿ ಮುದುಕರು ಮಾತ್ರ ಉಳಿದಿದ್ದಾರೆ. ತೋಟ ನೋಡಿಕೊಳ್ಳುವ ಹುಡುಗನಿಗೆ ಹೆಣ್ಣು ಸಿಗುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳು ಮಾಡಿಕೊಳ್ಳಿ ಎಂದರು. ಬೆನ್ನಿಗೇ ತಮಿಳುನಾಡಿನ ಸ್ಟಾಲಿನ್ ಹದಿನಾರು ಮಕ್ಕಳ ಮಾತಾಡಿದರು. ಮಠ, ಸಂಘಗಳ ವೇದಿಕೆಗಳಲ್ಲಿ ಇಂಥ ಮಾತು ನಾವು ಅದಕ್ಕೂ ಮೊದಲೇ ಕೇಳಿದ್ದೇವೆ.

ಆಗ ಲೆಕ್ಕಕ್ಕಾಗಿ ‘ಸಾಕು’ ಎಂದರು, ಈಗ ಲೆಕ್ಕಕ್ಕಾಗಿ ‘ಬೇಕು’ ಎನ್ನುತ್ತಿದ್ದಾರೆ. ಹೆರುವವಳನ್ನು ಎರಡೂ ಸಲ ಕೇಳಿಲ್ಲ. ಮೊದಲ ಮಗು ಆದ ಹತ್ತನೇ ತಿಂಗಳಿಗೆ ಮತ್ತೆ ಬಸಿರಾಗಿ, ರಕ್ತವಿಲ್ಲದೆ ಬಿಳಚಿಕೊಂಡ ಹುಡುಗಿಗೆ ಬೇಕಾದ್ದು ಎರಡು ಮೂರು ವರ್ಷದ ಬಿಡುವು. ಇಪ್ಪತ್ತೈದಕ್ಕೇ ಆಪರೇಷನ್ ಆಗಿ, ಮೂವತ್ತರಲ್ಲಿ ಮಗು ಕಳಕೊಂಡವಳಿಗೆ ಯಾವ ವೇದಿಕೆಯ ಮಾತೂ ಉಪಯೋಗಕ್ಕೆ ಬರುವುದಿಲ್ಲ. ನಾಳ ಮತ್ತೆ ಜೋಡಿಸುವ ಶಸ್ತ್ರಚಿಕಿತ್ಸೆ ಇದೆ, ಆದರೆ ಫಲ ಸಿಗುತ್ತದೆಂಬ ಖಾತ್ರಿಯಿಲ್ಲ. ಹೆಚ್ಚು ಮಕ್ಕಳು ಬೇಕು ಎನ್ನುವವರೂ ಕಾಪರ್ ಟಿ, ಅಂತರಾದ ಪರವಾಗಿಯೇ ಮಾತಾಡಬೇಕು. ಅವುಗಳಲ್ಲಿ ಮನಸ್ಸು ಬದಲಾಯಿಸಲು ಜಾಗವಿದೆ.

ಸಂತಾನ ನಿಯಂತ್ರಣದ ಚಿಕಿತ್ಸಾಲಯ ನಮಗೆ ಹೊಸದೇನಲ್ಲ ಎಂಬುದೂ ಇಲ್ಲಿ ನೆನಪಾಗುತ್ತದೆ. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಹೊರಟಿತ್ತು. ಆಗ ನಾವು ಮೈಸೂರಿನವರಲ್ಲ, ಮುಂಬಯಿ ಪ್ರಾಂತ್ಯದವರು. ಆ ಮುಂಬಯಿಯಲ್ಲಿ ರಘುನಾಥ ಧೋಂಡೊ ಕರ್ವೆ 1921ರಲ್ಲೇ ಇಂಥದೊಂದು ಕ್ಲಿನಿಕ್ ತೆರೆದಿದ್ದರು. ಎರಡೂ ಕಡೆಯ ಪರಂಪರೆ ನಮ್ಮದೇ ಎನ್ನಬಹುದು. ಸ್ವತಂತ್ರ ಭಾರತ 1952ರಲ್ಲಿ ಕಾರ್ಯಕ್ರಮ ಶುರು ಮಾಡಿದ್ದು ಅದರ ಮೇಲೆ.

ನನ್ನ ತಂಗಿ ಈಗ ಅಂತರಾದಲ್ಲಿದ್ದಾಳೆ. ಮೂರನೆಯ ಇಂಜೆಕ್ಷನ್ ಜುಲೈ ಎರಡನೇ ವಾರಕ್ಕೆ ಬರುತ್ತಿತ್ತು. ಸಿಸ್ಟರ್ ಜೂನ್ ಕೊನೆಗೇ ಕರೆದು ಕೊಟ್ಟರು. ಆವತ್ತು ಅವಳ ಜೊತೆ ನಾನೂ ಹೋಗಿದ್ದೆ. ಪಕ್ಕದ ಮನೆಯ ಬೋಟಿನ ಕೆಲಸದವನೊಬ್ಬ ಹೆಂಡತಿಯ ಕಾರ್ಡ್ ಹಿಡಿದು ಹೊರಗೆ ನಿಂತಿದ್ದ. ಮೂರು ಮಕ್ಕಳ ತಂದೆ. ಹೆಂಡತಿಗೆ ರಕ್ತ ಕಡಿಮೆ ಎಂದು ಆಪರೇಷನ್ ಮುಂದೆ ಹಾಕಿದ್ದರು. ಸಿಸ್ಟರ್ ತಮಾಷೆ ಮಾಡಿದ ಹಾಗೆ ‘ನೀನೇ ಮಾಡಿಸ್ಕೊ ಮಾರಾಯಾ, ಹತ್ತು ನಿಮಿಷದ ಕೆಲಸ’ ಎಂದರು. ಅವನು ನಗಲಿಲ್ಲ. ಸ್ವಲ್ಪ ಹೊತ್ತು ಮಳೆ ನೋಡಿ, ‘ಬಂದ್ ಟೈಮಲ್ಲೇ ಆಗೂದಾದ್ರೆ ಅಡ್ಡಿಲ್ಲ ಸಿಸ್ಟರ್. ಆಗಸ್ಟ್ ಒಂದಕ್ಕೆ ಬೋಟ್ ಇಳೀತದೆ’ ಎಂದ.

ಸಿಸ್ಟರ್ ಡೈರಿ ತೆಗೆದು ಅವನ ಹೆಸರು ಬರೆದುಕೊಂಡರು. ಡಾಕ್ಟರ್ ಯಾವ ದಿನ ಬರುತ್ತಾರೆ ಎಂದು ತಾಲೂಕು ಆಸ್ಪತ್ರೆಗೆ ಫೋನ್ ಹಚ್ಚಿದರು. ಆ ಕಡೆಯವರು ಹೇಳಿದ್ದು ನಮಗೂ ಕೇಳಿಸಿತು: ಗಂಡಸರದ್ದಾದರೆ ನವೆಂಬರ್‌ನಲ್ಲಿ ಪಾಕ್ಷಿಕ ಇದೆಯಲ್ಲ, ಆಗ ಕಳಿಸಿ.